ಪಟ್ಟ ತಪ್ಪಿದ ಊರಿಗೆ ಮುಂದೇನು?

ಪ್ರಶ್ನೆ: ವರ್ಷವಿಡೀ ಕಲಾ ಕಾರ್ಯಕ್ರಮ ನಡೆಸುವ ‘ಸಂಸ್ಕೃತಿ ನಗರ’ದ ಪಟ್ಟಕ್ಕಾಗಿ ಊರುಗಳು ವರ್ಷಗಟ್ಟಲೆ ಓಡಾಡುತ್ತವೆ. ಗೆಲ್ಲುವುದು ಒಂದೇ ಊರು. ಉಳಿದವರ ಹಣ, ಶ್ರಮ ಸುಮ್ನೆ ನೀರಲ್ಲಿ ಹೋಮವಾ?

ಉತ್ತರ: ಒಂದಿಷ್ಟು ಹೋಗುತ್ತದೆ, ಮುಚ್ಚಿಡುವುದೇಕೆ? ಅರ್ಜಿ ತಯಾರಿಗೆಂದೇ ಬಂದವರ ಕೆಲಸ ಮುಗಿಯುತ್ತದೆ. ಪಟ್ಟ ಸಿಕ್ಕರೆ ಮಾತ್ರ ಬರಬೇಕಿದ್ದ ಹಣ ಬರುವುದಿಲ್ಲ. ಅದನ್ನೇ ನಂಬಿದ್ದ ಸಣ್ಣ ನಾಟಕ ತಂಡಗಳಿಗೆ ಪೆಟ್ಟು ಜಾಸ್ತಿ.

ಆದರೆ ಬ್ರಿಟನ್ನಿನ ಕಥೆ ಕೇಳಿ. ಅಲ್ಲಿ ನಾಲ್ಕು ವರ್ಷಕ್ಕೊಮ್ಮೆ ಈ ಪಟ್ಟ ಕೊಡುತ್ತಾರೆ; ಯಾರಿಗೆಂಬುದು ಕೆಲವು ವರ್ಷ ಮೊದಲೇ ತೀರ್ಮಾನವಾಗುತ್ತದೆ. 2013ರ ಪಟ್ಟಕ್ಕೆ ನಾರಿಚ್ ಕೊನೆಯ ನಾಲ್ಕರವರೆಗೆ ಬಂದು, ಡೆರಿಯ ಎದುರು ಸೋತಿತು. ಆದರೆ 2012ರಲ್ಲೇ ಯುನೆಸ್ಕೋದ ಸಾಹಿತ್ಯ ನಗರವಾಯಿತು. 2017ರ ಪಟ್ಟ ಹಲ್ ನಗರದ ಪಾಲಾದಾಗ ಸೋತ ಡಂಡೀ, 2014ರಲ್ಲಿ ಯುನೆಸ್ಕೋದ ವಿನ್ಯಾಸ ನಗರವಾಯಿತು. 2018ರಲ್ಲಿ ಅಲ್ಲಿ ದೊಡ್ಡ ವಿನ್ಯಾಸ ಮ್ಯೂಸಿಯಂ ಕೂಡ ತೆರೆಯಿತು. (ಮ್ಯೂಸಿಯಂ ಯೋಜನೆ ಮೊದಲೇ ಇತ್ತು. ಅದನ್ನೂ ಸೋಲಿನ ಲಾಭದ ಲೆಕ್ಕಕ್ಕೆ ಸೇರಿಸಿದರೆ ಅದು ಕಳ್ಳಲೆಕ್ಕ.) ಗೆದ್ದ ಹಲ್ ಕೂಡ 2013ರ ಸಲ ಅಂತಿಮ ಪಟ್ಟಿಗೇ ಬಂದಿರಲಿಲ್ಲ! ಬ್ರಾಡ್‌ಫರ್ಡ್ 2008ರಲ್ಲಿ ಇದೇ ಬಗೆಯ ಯುರೋಪ್ ಮಟ್ಟದ ಪಟ್ಟ ಪಡೆಯಲು ಅರ್ಜಿ ಹಾಕಿ ಸೋತಿತ್ತು, 2025ರ ಬ್ರಿಟನ್ ಪಟ್ಟ ಗೆದ್ದಿತು.

ಸ್ಕಾಟ್ಲೆಂಡಿನ ಪೇಸ್ಲಿ ಊರು ನನಗೆ ಇಷ್ಟವಾದ ಉದಾಹರಣೆ. 2021ರ ಪಟ್ಟದ ಸ್ಪರ್ಧೆಯಲ್ಲಿ, 2017ರ ಡಿಸೆಂಬರ್‌ನಲ್ಲಿ ಅದು ಕಾವೆಂಟ್ರಿಯ ಎದುರು ಸೋತಿತು. ಆದರೂ ತನ್ನ ಹಳೆಯ ಮ್ಯೂಸಿಯಂ ನವೀಕರಿಸುವ ಕೆಲಸ ಬಿಡಲಿಲ್ಲ. ಗೆದ್ದ ಕಾವೆಂಟ್ರಿಯಲ್ಲೋ, ಪಟ್ಟದ ವರ್ಷದ ಕಾರ್ಯಕ್ರಮ ನಡೆಸಿದ ಟ್ರಸ್ಟೇ 2023ರಲ್ಲಿ ಹಣದ ಮುಗ್ಗಟ್ಟಿಗೆ ಸಿಕ್ಕಿ ಕುಸಿಯಿತು. ಗೆದ್ದರೆ ಎಲ್ಲ ಸರಿಹೋಗುತ್ತದೆ ಅಂತಲೂ ಇಲ್ಲ, ಅಲ್ವಾ?

ಅರ್ಜಿಯ ನೆಪದಲ್ಲಿ ನಗರಸಭೆ, ವಿಶ್ವವಿದ್ಯಾಲಯ, ಕಲಾವಿದರು, ವ್ಯಾಪಾರಿಗಳು ಒಟ್ಟಿಗೆ ಕೂರುತ್ತಾರೆ. ಸೋತ ಮರುದಿನ ಎಲ್ಲರೂ ಎದ್ದುಹೋದರೆ ನಿಜವಾದ ನಷ್ಟ ಅದೇ. ಈಚೆಗೆ ಬ್ರಿಟನ್ ಸರ್ಕಾರಕ್ಕೂ ಇದು ಹೊಳೆದಂತಿದೆ. 2025ರ ಪಟ್ಟದ ಅಂತಿಮ ಸುತ್ತಿನಲ್ಲಿ ಸೋತ ಡರಮ್, ಸೌತಾಂಪ್ಟನ್, ರೆಕ್ಸಮ್‌ಗೆ ತಲಾ 1.25 ಲಕ್ಷ ಪೌಂಡ್ ಕೊಟ್ಟಿತು.

ನಿಮ್ಮ ಊರೂ ಕಣಕ್ಕಿಳಿಯುವುದಾದರೆ, ಪಟ್ಟ ಸಿಗದಿದ್ದರೂ ಮಾಡಿಯೇ ತೀರುವ ಎರಡು ಮೂರು ಕೆಲಸ ಯಾವುವು, ದುಡ್ಡು ಕೊಡುವವರು ಯಾರು ಎಂದು ಫಲಿತಾಂಶಕ್ಕೆ ಮೊದಲೇ ಬರೆದು ಸಹಿ ಹಾಕಿಸಿಕೊಳ್ಳಿ. ಸೋತ ಮೇಲೆ ಕೇಳಿದರೆ ಯಾರೂ ಫೋನ್ ಎತ್ತುವುದಿಲ್ಲ.