ಇನ್ಸುಲಿನ್ ಶುರುವಾದ್ರೆ ಟೈಪ್ 2 ಹೋಗಿ ಟೈಪ್ 1 ಆಗುತ್ತಾ?

ನಿಮ್ಮಣ್ಣನಿಗೆ 36 ವರ್ಷ, ಸಣಕಲು ಮೈ. ಎರಡು ವರ್ಷದ ಹಿಂದೆ ಟೈಪ್ 2 ಸಕ್ಕರೆ ಕಾಯಿಲೆ ಅಂದಿದ್ದರು, ಈಗ ಗುಳಿಗೆ ಸಾಲದು, ಇನ್ಸುಲಿನ್ ಬೇಕು ಅಂತಿದ್ದಾರೆ. ಹಾಗಾದರೆ ಟೈಪ್ 1 ಆಯ್ತಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಗದಗಿನಲ್ಲಿ ಔಷಧ ಅಂಗಡಿ ನಡೆಸುತ್ತೇನೆ. ಇದೇ ಪ್ರಶ್ನೆ ನಮ್ಮ ಕೌಂಟರಿಗೂ ಬರುತ್ತೆ.

ಇನ್ಸುಲಿನ್ ತಗೊಂಡ ಮಾತ್ರಕ್ಕೆ ಟೈಪ್ ಬದಲಾಗಲ್ಲ. ಟೈಪ್ 2 ಇದ್ದವರಿಗೂ ವರ್ಷಗಳು ಕಳೆದಂತೆ ಇನ್ಸುಲಿನ್ ಮಾಡುವ ಮೇದೋಜೀರಕ ಗ್ರಂಥಿ ಸೋಲಬಹುದು, ಆಗ ಸೂಜಿ ಬೇಕಾಗುತ್ತೆ. ಆಪರೇಷನ್ ಆದಾಗ, ದೊಡ್ಡ ಸೋಂಕು ಬಂದಾಗ ಸ್ವಲ್ಪ ದಿನ ಕೊಟ್ಟು ನಿಲ್ಲಿಸುವುದೂ ಉಂಟು. ಒಮ್ಮೆ ಹಚ್ಚಿಕೊಂಡರೆ ಚಟ ಆಗುತ್ತೆ ಅನ್ನೋದು ಸುಮ್ನೆ ಮಾತು.

ನನಗೆ ಅನುಮಾನ ಇರೋದು ಮೊದಲು ಬರೆದ ಹೆಸರಿನ ಮೇಲೆ. ಇದು ಲಾಡಾ ಇರಬಹುದು, ಕೆಲವರು ಟೈಪ್ ಒಂದೂವರೆ ಅಂತಾರೆ. ಟೈಪ್ 1ರಲ್ಲಿ ಆಗುವಂತೆಯೇ ದೇಹದ ರಕ್ಷಣಾ ವ್ಯವಸ್ಥೆ ಇನ್ಸುಲಿನ್ ಮಾಡುವ ಕೋಶಗಳನ್ನು ಕೊಲ್ಲುತ್ತೆ, ಆದರೆ ನಿಧಾನವಾಗಿ. ಶುರುವಿನಲ್ಲಿ ಗುಳಿಗೆಗೂ ಶುಗರ್ ಇಳಿಯುತ್ತೆ. ವಯಸ್ಸು ಮೂವತ್ತು ದಾಟಿದೆ, ಗುಳಿಗೆ ಕೆಲಸ ಮಾಡ್ತಿದೆ ಅಂದ್ರೆ ಫೈಲಿನಲ್ಲಿ ಟೈಪ್ 2 ಅಂತಲೇ ಬೀಳುತ್ತೆ. ಹಾಗಂತ ಮೈ ನೋಡಿ ತೀರ್ಮಾನ ಮಾಡೋಕಾಗಲ್ಲ. ನಮ್ಮಲ್ಲಿ ತೆಳ್ಳಗಿರುವವರಿಗೂ ಮಾಮೂಲಿ ಟೈಪ್ 2 ಬರುತ್ತೆ. "ಬರೇ ಜೋಳದ ರೊಟ್ಟಿ ತಿನ್ನಾಂವಗ ಸಕ್ಕರಿ ಕಾಯಿಲಿ ಹೆಂಗ ಬಂತ್ರೀ" ಅಂತ ಕೇಳುವವರು ದಿನಾ ಸಿಗ್ತಾರೆ.

ಡಾಕ್ಟರ ಹತ್ತಿರ ಎರಡು ರಕ್ತಪರೀಕ್ಷೆ ಬಗ್ಗೆ ಕೇಳಿ. ಒಂದು ಗ್ಯಾಡ್ ಆಂಟಿಬಾಡಿ. ದೇಹ ತನ್ನ ಕೋಶಗಳ ಮೇಲೇ ತಿರುಗಿಬಿದ್ದಿದೆಯಾ ಅನ್ನೋದಕ್ಕೆ ಇದು ಸುಳಿವು. ಇನ್ನೊಂದು ಸಿ-ಪೆಪ್ಟೈಡ್. ಗ್ರಂಥಿ ಇನ್ಸುಲಿನ್ ಮಾಡಿದಷ್ಟೇ ಸಿ-ಪೆಪ್ಟೈಡ್ ಕೂಡ ಬಿಡುತ್ತೆ, ಸೂಜಿಯ ಇನ್ಸುಲಿನ್‌ನಲ್ಲಿ ಅದು ಇರಲ್ಲ. ಹಾಗಾಗಿ ಇನ್ಸುಲಿನ್ ಶುರುವಾದ ಮೇಲೂ ದೇಹದ ಸ್ವಂತ ದುಡಿಮೆ ಎಷ್ಟು ಉಳಿದಿದೆ ಅಂತ ತಿಳಿಯುತ್ತೆ. ಅದೇ ಹೊತ್ತಿನ ಶುಗರನ್ನೂ ನೋಡಿಸಿ, ಅದಿಲ್ಲದೆ ಆ ಅಂಕಿಗೆ ಅರ್ಥ ಕಮ್ಮಿ. ನನ್ನ ಕೇಳಿದರೆ ಟೈಪ್ ಯಾವುದು ಅನ್ನೋದಕ್ಕಿಂತ ಈ ಉಳಿಕೆ ಎಷ್ಟು ಅನ್ನೋದೇ ಮುಖ್ಯ. ಯಾವ ಮದ್ದು ಬೇಕು ಅನ್ನೋದು ನಿಂತಿರೋದು ಅದರ ಮೇಲೇ.

ಸದ್ಯ ಯಾರೋ ಹೇಳಿದರು ಅಂತ ಹಾಗಲಕಾಯಿ ರಸ ಕುಡಿದು ಇನ್ಸುಲಿನ್ ಮಾತ್ರ ಬಿಡಬೇಡಿ. ಡಾಪಾಗ್ಲಿಫ್ಲೋಜಿನ್ ಥರದ, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಗುಳಿಗೆ ಇದ್ದರೆ ಲಾಡಾ ಅನುಮಾನವನ್ನು ಡಾಕ್ಟರಿಗೆ ಹೇಳಲೇಬೇಕು. ಇನ್ಸುಲಿನ್ ಕೊರತೆ ಇರುವವರಿಗೆ ಅದರಿಂದ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ಏರಬಹುದು, ಅದೂ ಶುಗರ್ ಅಷ್ಟೇನೂ ಜಾಸ್ತಿ ಇಲ್ಲದಿದ್ದಾಗಲೂ. ವಾಂತಿ, ಹೊಟ್ಟೆನೋವು, ಏದುಸಿರು ಶುರುವಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಇನ್ನೊಂದು, ಇದು ನನ್ನ ಅಂಗಡಿ ಮಾತು. ಬಾಟಲಿಯ ಇನ್ಸುಲಿನ್ ನಮ್ಮಲ್ಲಿ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯುನಿಟ್, ಪೆನ್ನಿನದು 100. ಕೆಂಪು ಮುಚ್ಚಳದ ಸಿರಿಂಜ್ 40ರದ್ದು, ಕಿತ್ತಳೆ ಮುಚ್ಚಳದ್ದು 100ರದ್ದು. 100ರ ಔಷಧಿಯನ್ನು ಕೆಂಪು ಸಿರಿಂಜಿನಲ್ಲಿ 10ರ ಗೆರೆತನಕ ಎಳೆದರೆ ಮೈಗೆ ಹೋಗೋದು 25 ಯುನಿಟ್. ಅಷ್ಟಕ್ಕೆ ಶುಗರ್ ದಿಢೀರ್ ಕುಸಿಯಬಹುದು. ಬಾಟಲಿ ಕೊಳ್ಳುವಾಗ ಸಿರಿಂಜನ್ನೂ ಅಲ್ಲೇ ಕೇಳಿ, ಎರಡರ ಮೇಲಿನ ಅಂಕಿ ಒಂದೇನಾ ನೋಡಿಯೇ ದುಡ್ಡು ಕೊಡಿ.