ಹಿಮದ ರಸ್ತೆಗೆ ಎರಡೇ ಹೊಸ ಟೈರ್ ಸಾಕೇ?

ಪ್ರಶ್ನೆ: ನನ್ನದು ಫ್ರಂಟ್ ವೀಲ್ ಡ್ರೈವ್ ಕಾರು. ನಾಲ್ಕೂ ಬೇಸಿಗೆ ಟೈರ್‌ಗಳು. ಮುಂದಿನ ಎರಡರ ಟ್ರೆಡ್ (ರಸ್ತೆಗೆ ತಾಗುವ, ಕಾಲುವೆಗಳಿರುವ ಹೊರಪದರ) ಸವೆದು ಕಾಲುವೆಯ ಆಳ 2.5 ಮಿ.ಮೀ.ಗೆ ಬಂದಿದೆ, ಹಿಂದಿನವುಗಳಲ್ಲಿ ಇನ್ನೂ 5 ಮಿ.ಮೀ. ಇದೆ. ಹಿಮ ಬೀಳುವ ಮೊದಲು ಎರಡು ವಿಂಟರ್ ಟೈರ್ ಕೊಂಡು ಮುಂದೆ ಹಾಕಿಸೋಣ ಅಂದುಕೊಂಡಿದ್ದೇನೆ. ಗಾಡಿ ಎಳೆಯುವುದೂ ತಿರುಗಿಸುವುದೂ ಮುಂದಿನ ಚಕ್ರಗಳೇ ತಾನೇ?

ಉತ್ತರ: ಹಾಗೆ ಮಾಡಬೇಡಿ. ಈ ಜೋಡಣೆಯ ಅಪಾಯ ಇರುವುದೇ ಅದು ಮೊದಲಿಗೆ ಚೆನ್ನಾಗಿದೆ ಅನ್ನಿಸುವುದರಲ್ಲಿ. ಹಿಮದ ಮೇಲೆ ಕಾರು ಸಲೀಸಾಗಿ ಹೊರಡುತ್ತದೆ, ಸ್ಟೀರಿಂಗ್ ಮಾತು ಕೇಳುತ್ತದೆ, ಚಾಲಕನ ಧೈರ್ಯದ ಜೊತೆ ವೇಗವೂ ಏರುತ್ತದೆ. ಬಣ್ಣ ಬಯಲಾಗುವುದು ಇಳಿಜಾರಿನ ತಿರುವಿನಲ್ಲಿ. ಅಲ್ಲಿ ಬ್ರೇಕ್ ಒತ್ತಿದರೆ, ಅಥವಾ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಸಾಕು, ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರವಾಗುತ್ತವೆ. ಮುಂದಿನ ಟೈರ್ ಹಿಮವನ್ನು ಕಚ್ಚಿ ತಿರುಗುತ್ತದೆ, ಹಿಂದಿನದಕ್ಕೆ ಹಿಡಿತವಿಲ್ಲ. ಹಿಂಭಾಗ ಹೊರಕ್ಕೆ ಬೀಸಿ ಕಾರು ಗಿರಕಿ ಹೊಡೆಯುತ್ತದೆ. ಮುಂದಿನ ಚಕ್ರ ಜಾರಿದರೆ ವೇಗ ತಗ್ಗಿದಂತೆ ಹಿಡಿತ ಮರಳುವ ಅವಕಾಶವಿರುತ್ತದೆ. ಹಿಂದಿನದು ಜಾರಿದಾಗ ಗಾಬರಿಯಲ್ಲಿ ಬ್ರೇಕ್ ಒತ್ತಿದರೆ ಅದು ಇನ್ನಷ್ಟು ಜಾರುತ್ತದೆ. ಸ್ಟೆಬಿಲಿಟಿ ಕಂಟ್ರೋಲ್ (ಕಾರು ಜಾರತೊಡಗಿದಾಗ ಚಕ್ರಗಳಿಗೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ಇದೆಯಲ್ಲ ಎನ್ನಬೇಡಿ. ಇರುವ ಹಿಡಿತವನ್ನು ಅದು ನಾಲ್ಕು ಚಕ್ರಗಳಿಗೆ ಹಂಚಿ ಬಳಸುತ್ತದೆ, ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ.

ಇನ್ನು ಹಿಂದಿನ ಟೈರಿನ 5 ಮಿ.ಮೀ. ಲೆಕ್ಕ. ಇಲ್ಲಿ ಆಳಕ್ಕಿಂತ ರಬ್ಬರ್ ಮುಖ್ಯ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಗಡುಸಾಗುತ್ತ ಹೋಗುತ್ತದೆ. ವಿಂಟರ್ ಟೈರಿನದು ಮೆದುವಾಗಿಯೇ ಉಳಿಯುತ್ತದೆ. ಅದರ ಟ್ರೆಡ್ ಗುಬಟುಗಳಲ್ಲಿ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳಿರುತ್ತವೆ. ಚಕ್ರ ಉರುಳುವಾಗ ಅವು ಬಿರಿದು ಅಂಚುಗಳಿಂದ ರಸ್ತೆಯನ್ನು ಹಿಡಿಯುತ್ತವೆ. ಕಾಲುವೆಗಳಲ್ಲಿ ತುಂಬಿಕೊಂಡ ಹಿಮವೂ ಸುಮ್ಮನಿರುವುದಿಲ್ಲ, ರಸ್ತೆಯ ಹಿಮಕ್ಕೆ ಅಂಟಿ ಹಿಡಿತ ಕೊಡುತ್ತದೆ.

ಹಾಗಾದರೆ ಎರಡು ವಿಂಟರ್ ಟೈರನ್ನು ಹಿಂದೆ ಹಾಕಿದರೆ? ಗಿರಕಿ ತಪ್ಪೀತು. ಆದರೆ ಬ್ರೇಕ್‌ನ ಹೆಚ್ಚಿನ ಹೊರೆ ಹೊರುವ ಮುಂದಿನ ಚಕ್ರಗಳಲ್ಲಿ ಸವೆದ ಬೇಸಿಗೆ ಟೈರ್ ಇದ್ದರೆ ಕಾರು ನಿಲ್ಲುವುದೂ ಇಲ್ಲ, ತಿರುಗುವುದೂ ಇಲ್ಲ. ನಿಮ್ಮ ಕಾರಿಗೆ ನಾಲ್ಕು ಬೇಕು. ಹಣ ಸಾಲದಿದ್ದರೆ ಎರಡು ಒಳ್ಳೆಯ ವಿಂಟರ್ ಟೈರಿಗಿಂತ, ಹಿಮದ ಗುರುತಿರುವ (ಅದು ಯಾವುದೆಂದು ಮುಂದಿನ ಉತ್ತರದಲ್ಲಿದೆ) ನಾಲ್ಕು ಸಾಧಾರಣ ಆಲ್ ಸೀಸನ್ ಟೈರ್ ಮೇಲು. 5 ಮಿ.ಮೀ. ಇರುವ ಜೋಡಿಯನ್ನು ಎಸೆಯಬೇಡಿ. ವಿಂಟರ್ ಟೈರ್ ಕೊಂಡರೆ ಬೇಸಿಗೆಗೆ ಇನ್ನೆರಡು ಹೊಸದು ತಂದಾಗ ಇವು ಮುಂದಕ್ಕೆ ಬರುತ್ತವೆ.

ಎರಡೇ ಬದಲಿಸಬಹುದಾದ ಸಂದರ್ಭವೂ ಉಂಟು. ನಾಲ್ಕೂ ಈಗಾಗಲೇ ವಿಂಟರ್ ಟೈರ್ ಆಗಿರಬೇಕು, ಉಳಿಯುವ ಜೋಡಿಯಲ್ಲಿ 4 ಮಿ.ಮೀ.ಗಿಂತ ಹೆಚ್ಚು ಟ್ರೆಡ್ ಇರಬೇಕು, ಹೊಸದು ಅದೇ ಅಳತೆಯದಾಗಿರಬೇಕು. ಅದೇ ಕಂಪನಿಯ ಅದೇ ಮಾದರಿ ಸಿಕ್ಕಿದರೆ ಉತ್ತಮ. ಆಗ ಹೊಸ ಜೋಡಿ ಹಿಂದಕ್ಕೆ, ಹಿಂದಿದ್ದದ್ದು ಮುಂದಕ್ಕೆ. ಎಂಜಿನ್ ಯಾವ ಚಕ್ರ ತಿರುಗಿಸುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಎರಡರ ಬದಲು ನಾಲ್ಕು ಚಕ್ರ ಬಿಚ್ಚುವ ಕೆಲಸವಾದ್ದರಿಂದ ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಿ. ಹಲವು ದೇಶಗಳ ಕಾನೂನು 1.6 ಮಿ.ಮೀ.ವರೆಗೆ ಬಿಡುತ್ತದೆ, ನಿಜ. ಆದರೆ ಹೊಸದರಲ್ಲಿ ಸುಮಾರು 8 ಮಿ.ಮೀ. ಇದ್ದ ಕಾಲುವೆ 4ಕ್ಕಿಂತ ಇಳಿದ ಮೇಲೆ ಹಿಮವನ್ನೂ ಕೆಸರುಹಿಮವನ್ನೂ ಹಿಡಿದಿಡಲಾರದು. ಅಳೆಯುವಾಗ ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಗೇಜ್ ಇಳಿಸಿ, ಅತಿ ಕಡಿಮೆ ಬಂದದ್ದನ್ನೇ ನಂಬಿ. ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ಕೆಟ್ಟಿರುವ ಸಂಭವ ಹೆಚ್ಚು. ಅದನ್ನು ಸರಿಪಡಿಸದೆ ಹಾಕಿದ ಹೊಸ ಟೈರೂ ಹಾಗೆಯೇ ಸವೆಯುತ್ತದೆ.

ಪ್ರಶ್ನೆ: ಟೈರ್ ಮೇಲೆ ‘ಎಂ ಪ್ಲಸ್ ಎಸ್’ (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂದಿದೆ. ಅಷ್ಟು ಸಾಲದೇ?

ಉತ್ತರ: ಸಾಲದು. ಅದು ಟ್ರೆಡ್ ವಿನ್ಯಾಸದ ಬಗ್ಗೆ ತಯಾರಕರು ಹೇಳಿಕೊಳ್ಳುವ ಮಾತು. ಹಿಮದ ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ಅರ್ಥವಲ್ಲ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿರುವ ಚಿತ್ರವನ್ನು ಹುಡುಕಿ. ಅದಿದ್ದರೆ ಹಿಮದ ಮೇಲೆ ಪರೀಕ್ಷೆ ನಡೆದಿದೆ. ಗಟ್ಟಿ ಮಂಜುಗಡ್ಡೆಯ ಮೇಲೆ ಹೇಗೆ ಎಂಬುದಕ್ಕೆ ಆ ಚಿತ್ರವೂ ಭರವಸೆ ಕೊಡುವುದಿಲ್ಲ.

ಪ್ರಶ್ನೆ: ಆಲ್ ವೀಲ್ ಡ್ರೈವ್ ಗಾಡಿ, 225/60 ಆರ್ 17 ಅಳತೆಯ ವಿಂಟರ್ ಟೈರ್. ಒಂದರ ಪಕ್ಕ ಹರಿದಿದೆ. ಉಳಿದವು 5 ಮಿ.ಮೀ. ಒಂದೇ ಆಕ್ಸಲ್‌ಗೆ ಎರಡು ಹೊಸದು ಹಾಕಿಸಲೇ?

ಉತ್ತರ: ಮೊದಲು ಲೆಕ್ಕ ಹಾಕೋಣ. ಹೊಸದು 8, ಹಳೆಯದು 5. ತ್ರಿಜ್ಯದಲ್ಲಿ 3 ಮಿ.ಮೀ. ವ್ಯತ್ಯಾಸ, ಸುತ್ತಳತೆಯಲ್ಲಿ ಸುಮಾರು 19 ಮಿ.ಮೀ. ನಿಮ್ಮ ಟೈರಿನ ಸುತ್ತಳತೆ ಅಂದಾಜು 2.2 ಮೀಟರ್. ಅಂದರೆ ಪ್ರತಿ ಕಿಲೋಮೀಟರಿಗೆ ಹಳೆಯ ಜೋಡಿ ಸುಮಾರು 4 ಸುತ್ತು ಹೆಚ್ಚು ತಿರುಗುತ್ತದೆ. ನೇರ ರಸ್ತೆಯಲ್ಲೂ ಈ ವ್ಯತ್ಯಾಸವನ್ನು ಮುಂದು-ಹಿಂದಿನ ಚಕ್ರಗಳ ನಡುವೆ ಎಂಜಿನ್ ಬಲ ಹಂಚುವ ಕಪ್ಲಿಂಗ್ ನುಂಗಿಕೊಳ್ಳುತ್ತಲೇ ಇರಬೇಕು. ಎಣ್ಣೆ ಕಾಯುತ್ತದೆ, ಕ್ಲಚ್ ಪ್ಲೇಟ್ ಸವೆಯುತ್ತದೆ. ಆ ರಿಪೇರಿಯ ಮುಂದೆ ನಾಲ್ಕು ಟೈರಿನ ಖರ್ಚು ಸಣ್ಣದು.

ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆ, ಓನರ್ಸ್ ಮ್ಯಾನ್ಯುಯಲ್ ನೋಡಿ. 3 ಮಿ.ಮೀ. ಅನೇಕ ಗಾಡಿಗಳಿಗೆ ಹೆಚ್ಚಾಯಿತು. ನಾಲ್ಕನ್ನೂ ಬದಲಿಸುವುದು ಬೇಡವಾದರೆ ಅದೇ ಮಾದರಿಯ ಒಂದು ಹೊಸ ಟೈರನ್ನು ಯಂತ್ರದಲ್ಲಿ 5 ಮಿ.ಮೀ.ಗೆ ಹೆರೆಸಿ ಹಾಕಿಸಬಹುದು. ಈ ಸೌಲಭ್ಯ ಎಲ್ಲ ಕಡೆ ಸಿಗುವುದಿಲ್ಲ. ಅಷ್ಟೇ ಸವೆದ ಸೆಕೆಂಡ್ ಹ್ಯಾಂಡ್ ಟೈರ್ ಸಿಕ್ಕಿದರೆ ಪಕ್ಕದಲ್ಲಿರುವ ನಾಲ್ಕಂಕಿ ಓದಿ: 3521 ಎಂದರೆ 2021ರ 35ನೇ ವಾರದಲ್ಲಿ ತಯಾರಾದದ್ದು.

ಪ್ರಶ್ನೆ: ವಿಂಟರ್ ಟೈರ್ ಹಾಕಿಸಿದ ಮರುದಿನ ಬೆಳಿಗ್ಗೆಯೇ ಗಾಳಿ ಕಡಿಮೆ ಎಂಬ ದೀಪ ಹತ್ತಿತು. ಪಂಕ್ಚರ್ ಇರಬಹುದೇ?

ಉತ್ತರ: ಒಂದೇ ಚಕ್ರದಲ್ಲಿ ಇಳಿದಿದ್ದರೆ ಪಂಕ್ಚರ್, ವಾಲ್ವ್ ಅಥವಾ ರಿಮ್ ಅಂಚಿನ ಸೋರಿಕೆ. ನಾಲ್ಕರಲ್ಲೂ ಸಮನಾಗಿ ಇಳಿದಿದ್ದರೆ ಚಳಿಯೇ ಕಾರಣ. ಪ್ರತಿ 10 ಡಿಗ್ರಿ ಇಳಿಕೆಗೆ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆಯಾಗುತ್ತದೆ. 20 ಡಿಗ್ರಿಯ ಗ್ಯಾರೇಜಿನೊಳಗೆ 33 ತುಂಬಿಸಿದ್ದು ಹೊರಗಿನ ಮೈನಸ್ 10ರಲ್ಲಿ 28ರ ಆಸುಪಾಸಿಗೆ ಬಂದಿರುತ್ತದೆ. ರಾತ್ರಿಯಿಡೀ ಹೊರಗೆ ನಿಂತ ಕಾರಿಗೆ, ಓಡಿಸುವ ಮೊದಲು, ಬಾಗಿಲ ಕಂಬದ ಚೀಟಿಯಲ್ಲಿರುವ ಅಂಕಿಗೆ ಸರಿಯಾಗಿ ತುಂಬಿಸಿ. ಕೆಲವು ಕಾರುಗಳು ಚಕ್ರದ ವೇಗ ಹೋಲಿಸಿ ಗಾಳಿ ಊಹಿಸುತ್ತವೆ. ಅವುಗಳಲ್ಲಿ ಆಮೇಲೆ ರೀಸೆಟ್ ಕೂಡ ಮಾಡಬೇಕು.

ಹೇಗೂ ಬಗ್ಗಿದ್ದೀರಿ, ಟೈರ್ ಪಕ್ಕದಲ್ಲಿ ಬಾಣವಿದ್ದರೆ ಅದು ಮುಂದೆ ಉರುಳುವ ದಿಕ್ಕಿಗೇ ಇದೆಯೇ ನೋಡಿಬಿಡಿ. ಜೋಡಿ ಹಿಂದು-ಮುಂದಾಗುವಾಗ ಎಡಬಲ ಅದಲುಬದಲಾಗುವುದುಂಟು. 50ರಿಂದ 100 ಕಿ.ಮೀ. ಓಡಿದ ಮೇಲೆ ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ (ಬಿಗಿಯನ್ನು ಅಳೆದು ತಿರುಗಿಸುವ ಸ್ಪ್ಯಾನರ್) ಮತ್ತೊಮ್ಮೆ ಬಿಗಿ ನೋಡಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ. ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ: ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡಿನ ಪದರ ಹೊಸ ಟ್ರೆಡ್ ಮೇಲೆ ಇನ್ನೂ ಇರುತ್ತದೆ.