ಪಾರ್ತಿಸುಬ್ಬನ ಬಗ್ಗೆ ಎಐಯನ್ನು ಕೇಳಿ ನೋಡಿ

ಪ್ರಶ್ನೆ: ಕಾಸರಗೋಡಿನ ಕಾಲೇಜೊಂದರಲ್ಲಿ ಕನ್ನಡ ಎಂ.ಎ. ತರಗತಿಗೆ ಪಾಠ ಮಾಡುತ್ತೇನೆ. ಈ ಸಲ ಬಂದ ಅಸೈನ್‌ಮೆಂಟ್‌ಗಳಲ್ಲಿ ಜಾಸ್ತಿ ಪಾಲು ಚಾಟ್‌ಜಿಪಿಟಿ ಬರೆದಂತಿವೆ. ಎಐ ಪತ್ತೆ ಮಾಡುವ ಡಿಟೆಕ್ಟರ್‌ಗೆ ಹಾಕಿ, ಸಿಕ್ಕಿಬಿದ್ದವರಿಗೆ ಸೊನ್ನೆ ಕೊಡಬಹುದೇ? ಅಥವಾ ಎಐಯನ್ನೇ ನಿಷೇಧಿಸಲೇ?
– ಉಪನ್ಯಾಸಕಿ, ಕಾಸರಗೋಡು

ಉತ್ತರ: ಡಿಟೆಕ್ಟರ್ ನಂಬಿ ಸೊನ್ನೆ ಕೊಡಬೇಡಿ, ಮೇಡಂ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಅಂಥದೊಂದನ್ನು ತಂದು, ಸರಿಯಾಗಿ ಹೇಳುತ್ತಿಲ್ಲವೆಂದು 2023ರ ಜುಲೈನಲ್ಲಿ ನಿಲ್ಲಿಸಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು, ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಹಾಕಿ ನೋಡಿದರು. ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಅವು ಯಂತ್ರದ ಬರಹ ಎಂದವು! ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ ಮಾತಾಡಿ ಪುಸ್ತಕದ ಕನ್ನಡ ಬರೆಯುವ ನಿಮ್ಮ ಮಕ್ಕಳಿಗೂ ಇದೇ ಅನ್ಯಾಯ ಆಗಬಹುದು, ಅಲ್ವಾ?

ನಿಷೇಧವೂ ನಡೆಯುವುದಿಲ್ಲ. ಮನೆಯಲ್ಲಿ ಕೂತು ಬರೆಯುವವರನ್ನು ಯಾರು ಕಾಯುತ್ತಾರೆ?

ಬದಲಿಗೆ, ಎಐ ಕೊಟ್ಟ ಉತ್ತರವನ್ನೇ ಪರೀಕ್ಷಿಸುವ ಕೆಲಸ ಕೊಡಿ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಬಗ್ಗೆ ವಿದ್ಯಾರ್ಥಿಗಳು ಎಐಯಿಂದ ಒಂದು ಪುಟ ಬರೆಸಲಿ. ಯಕ್ಷಗಾನದ ರಾಮಾಯಣ ಪ್ರಸಂಗಗಳು ಅವನವೇ ಎಂದು ವಿದ್ವಾಂಸ ಮುಳಿಯ ತಿಮ್ಮಪ್ಪಯ್ಯನವರು ವಾದಿಸಿದರು. ಶಿವರಾಮ ಕಾರಂತರು ಒಪ್ಪಲಿಲ್ಲ. ಆ ಜಗಳದ ಸುಳಿವೇ ಇಲ್ಲದೆ ಎಐ ನುಣ್ಣಗೆ ಒಂದು ಜೀವನಚರಿತ್ರೆ ಬರೆದುಕೊಟ್ಟರೆ ನನಗಂತೂ ಆಶ್ಚರ್ಯವಿಲ್ಲ. ಅದು ಪುಸ್ತಕ ತೆಗೆದು ನೋಡಿ ಬರೆಯುವುದಿಲ್ಲ. ಓದಿದ ರಾಶಿ ಬರಹದ ಬಲದ ಮೇಲೆ, ಮುಂದೆ ಯಾವ ಪದ ಬಂದೀತು ಎಂದು ಊಹಿಸುತ್ತಾ ಹೋಗುತ್ತದೆ. ಗಡಿನಾಡಿನ ಬಗ್ಗೆ ಅಂತರ್ಜಾಲದಲ್ಲಿ ಕನ್ನಡ ಬರಹವೇ ಕಡಿಮೆ. ಹಾಗಾಗಿ ಊಹೆ ಜಾಸ್ತಿ.

ಆ ಪುಟವನ್ನು ಪ್ರಿಂಟ್ ತೆಗೆದು, ಪ್ರತಿ ವಾಕ್ಯದ ಪಕ್ಕ ಪೆನ್ನಲ್ಲಿ ಗುರುತು ಹಾಕಲಿ. ಸರಿ ಇದ್ದರೆ ಯಾವ ಪುಸ್ತಕ, ಎಷ್ಟನೇ ಪುಟ? ತಪ್ಪಾದರೆ ಸರಿ ಯಾವುದು? ವಿದ್ವಾಂಸರಲ್ಲೇ ಒಮ್ಮತ ಇಲ್ಲವಾದರೆ ಯಾರು ಏನೆಂದರು? ಎಲ್ಲೂ ಸಿಗದಿದ್ದರೆ 'ಸಿಗಲಿಲ್ಲ' ಎಂದೇ ಬರೆಯಲಿ, ಅದಕ್ಕೂ ಮಾರ್ಕು ಕೊಡಿ. ಲೈಬ್ರರಿಗೆ ಹೋಗದೆ ಈ ಕೆಲಸ ಮುಗಿಯುವುದಿಲ್ಲ, ನಮಗೆ ಬೇಕಾದ್ದೂ ಅದೇ. ಎಐ ಕೊಟ್ಟ ಗ್ರಂಥಗಳ ಪಟ್ಟಿಯನ್ನಂತೂ ಒಂದೊಂದಾಗಿ ಹುಡುಕಲಿ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಸೃಷ್ಟಿಸಿದ, ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ತೆತ್ತರು.

ಎಐ ಬಳಸಿದ್ದರೆ ಯಾವುದನ್ನು, ಯಾತಕ್ಕೆ ಎಂದು ಕೊನೆಯಲ್ಲಿ ಎರಡು ಸಾಲು ಬರೆಯುವ ನಿಯಮ ಮಾಡಿ. ಪ್ರಶ್ನೆಪತ್ರಿಕೆಗೆ ನೀವು ಬಳಸಿದರೆ ನೀವೂ ಹೇಳಿ. ನಾವು ಮುಚ್ಚಿಟ್ಟು ಅವರು ಮಾತ್ರ ಹೇಳಬೇಕೆಂದರೆ ಯಾರು ಕೇಳುತ್ತಾರೆ?

ಇನ್ನೊಂದು ವಿಷಯಕ್ಕೆ ಯಾಕೋ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕ್ಷೇತ್ರಕಾರ್ಯದ ರೆಕಾರ್ಡಿಂಗ್! ಅಜ್ಜಿ ಹಾಡಿದ ಪಾಡ್ದನ (ತುಳು ಜನಪದ ಕಥನಗೀತೆ), ಎಂಡೋಸಲ್ಫಾನ್ ಕೀಟನಾಶಕ ಪೀಡಿತರ ಮನೆಯವರ ಮಾತು, ಇವನ್ನೆಲ್ಲ ಸುಮ್ನೆ ಎಐಗೆ ಹಾಕಿ 'ಸಾರಾಂಶ ಕೊಡು' ಎನ್ನುವುದು ತಪ್ಪು. ಅವರು ಮಾತಾಡಿದ್ದು ನಿಮ್ಮ ವಿದ್ಯಾರ್ಥಿಯ ಹತ್ತಿರ, ಕಂಪನಿಯ ಹತ್ತಿರ ಅಲ್ಲ. ಮೊದಲೇ ಕೇಳಿ ಒಪ್ಪಿಗೆ ಪಡೆಯದಿದ್ದರೆ ಹಾಕಲೇಬಾರದು.

ಈಗ ನಿಮ್ಮ ಮೇಜಿನ ಮೇಲಿರುವ ಅಸೈನ್‌ಮೆಂಟ್ ಕಟ್ಟಿನ ವಿಷಯಕ್ಕೆ ಬರೋಣ. ಅನುಮಾನ ಬಂದವರನ್ನಷ್ಟೇ ಕರೆಯಬೇಡಿ. ಎಲ್ಲರನ್ನೂ ಐದೈದು ನಿಮಿಷ ಕೂರಿಸಿ, ಅವರವರ ಅಸೈನ್‌ಮೆಂಟಿನಿಂದಲೇ ಎರಡು ಪ್ರಶ್ನೆ ಕೇಳಿ, ಆ ಉತ್ತರಕ್ಕೆ ಮಾರ್ಕು ಹಾಕಿ.